ಹುಟ್ಟಿನ ಕಥೆಗಳು ಏನು ಹೇಳುತ್ತವೆ? ಕಲಬುರಗಿ, ಬೀದರ್, ಯಾದಗಿರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯ ಕೋಟೆ, ಗುಡಿ, ದರ್ಗಾ ನೋಡಲು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಾಲೇಜು ಹುಡುಗರೂ ಅವನ್ನೇ ಕೇಳುತ್ತಾರೆ. ಕೆಲವು ಹಿರಿಯರು ಸಿಟ್ಟಿನಿಂದ ಕೇಳುತ್ತಾರೆ, ಅವೂ ಇಲ್ಲಿವೆ. ಎಲ್ಲ ಉತ್ತರಗಳೂ ಒಂದೇ ಅಳತೆಯಲ್ಲಿ ಇಲ್ಲ. ಕೆಲವಕ್ಕೆ ನಾಲ್ಕು ಸಾಲು ಸಾಕು.

ಹುಟ್ಟಿನ ಕಥೆ ಅಂದರೆ ಯಾವುದು?

ಏನಾದರೂ ಒಂದು ಹೇಗೆ ಶುರುವಾಯಿತು ಅಂತ ಹೇಳುವ ಕಥೆ. ಅದು ಜಗತ್ತು ಇರಬಹುದು, ಮನುಷ್ಯ ಇರಬಹುದು. ಒಂದು ಕುಲ, ಒಂದು ರಾಜಮನೆತನ, ಒಂದು ಊರು, ಊರ ಹೊರಗಿನ ಒಂದು ಝರಿಯೂ ಇರಬಹುದು. ಶುರುವಾದಾಗ ನೋಡಿದವರು ಯಾರೂ ಇಲ್ಲ. ಆದರೂ ಕಥೆ ಕಣ್ಣಾರೆ ಕಂಡ ಹಾಗೆ ಮಾತಾಡುತ್ತದೆ.

ಇವು ನಿಜವಾ, ಸುಮ್ನೆ ಕಟ್ಟಿದ್ದಾ?

ಕಲಬುರಗಿಯದೇ ಒಂದು ಕಥೆ ತಗೊಳ್ಳೋಣ. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದವನು ಅಲಾಉದ್ದೀನ್ ಹಸನ್. ಇವನ ಬಗ್ಗೆ ಎರಡು ಕಥೆ ಇವೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಹಸನ್ ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜೋಯಿಸನ ಹತ್ತಿರ ಕೆಲಸಕ್ಕಿದ್ದ. ಒಡೆಯ ಅವನಿಗೆ ಒಂದು ತುಂಡು ಹೊಲ, ಒಂದು ಜೋಡಿ ಎತ್ತು ಕೊಟ್ಟಿದ್ದ. ಉಳುವಾಗ ನೇಗಿಲಿಗೆ ಏನೋ ಸಿಕ್ಕಿಕೊಂಡಿತು. ಅಗೆದರೆ ಬಂಗಾರದ ನಾಣ್ಯ ತುಂಬಿದ ಪಾತ್ರೆ. ಹುಡುಗ ಅದನ್ನು ಮುಚ್ಚಿಡಲಿಲ್ಲ, ತಂದು ಒಡೆಯನ ಮುಂದಿಟ್ಟ. ಈ ಪ್ರಾಮಾಣಿಕತೆಯ ಸುದ್ದಿ ಅರಮನೆ ಮುಟ್ಟಿತು, ಹಸನ್‌ಗೆ ದೊಡ್ಡ ಕೆಲಸ ಸಿಕ್ಕಿತು. ನೀನು ರಾಜನಾಗುತ್ತೀ, ಆಗ ನನ್ನ ಹೆಸರನ್ನು ನಿನ್ನ ಹೆಸರಿನ ಜೊತೆ ಇಟ್ಟುಕೋ ಅಂತ ಗಂಗು ಹೇಳಿದನಂತೆ.

ಎರಡನೆಯದು ಹಸನ್ ಕಾಲದ ಆಸ್ಥಾನದ ಕಥೆ. ಅದರ ಪ್ರಕಾರ ಅವನು ಪರ್ಷಿಯಾದ ಪುರಾಣಪುರುಷ ಇಸ್ಫಂದಿಯಾರನ ಮಗ ಬಹಮನನ ವಂಶದವನು. ಗಂಗು ಕಥೆ ಬರೆದದ್ದು ಇತಿಹಾಸ ಬರೆದ ಫರಿಶ್ತಾ, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು, ಹಸನ್ ಸತ್ತು ಎರಡು ಶತಮಾನ ಕಳೆದ ಮೇಲೆ. ಹಸನ್ ಬದುಕಿದ್ದಾಗಿನ ಬರಹಗಳಲ್ಲಿ ಗಂಗುವಿನ ಸುಳಿವಿಲ್ಲ. ಹಾಗಾಗಿ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಪರ್ಷಿಯಾದ ವಂಶಾವಳಿಯನ್ನೂ ಯಾರೂ ಅಕ್ಷರಶಃ ನಂಬುವುದಿಲ್ಲ.

ಹಾಗಾದರೆ ಎರಡನ್ನೂ ಬಿಸಾಕೋಣವೇ? ಬೇಡ. ದೆಹಲಿ ಸುಲ್ತಾನನ ವಿರುದ್ಧ ಎದ್ದು ಈಗಷ್ಟೇ ಗದ್ದುಗೆ ಹಿಡಿದವನಿಗೆ ದೊಡ್ಡ ಮನೆತನ ಬೇಕಿತ್ತು. ಆಸ್ಥಾನದವರು ಅದನ್ನು ಒದಗಿಸಿದರು. ಫರಿಶ್ತಾ ಕಾಲಕ್ಕೆ ಬಂದರೆ ದಖ್ಖನಿನ ಸುಲ್ತಾನರ ಲೆಕ್ಕಪತ್ರವೆಲ್ಲ ಬ್ರಾಹ್ಮಣರ ಕೈಯಲ್ಲಿತ್ತು. ಅದಕ್ಕೂ ಒಂದು ಶುರು ಬೇಕಲ್ವಾ? ಮುಸ್ಲಿಂ ಅರಸನ ಹತ್ತಿರ ಕೆಲಸಕ್ಕೆ ಸೇರಿದ ಮೊದಲ ಬ್ರಾಹ್ಮಣ ಈ ಗಂಗುವೇ ಅಂತ ಫರಿಶ್ತಾ ಬರೆಯುತ್ತಾನೆ. ಹಸನ್‌ನ ಬಾಲ್ಯದ ಬಗ್ಗೆ ಈ ಕಥೆಯಿಂದ ಏನೂ ಸಿಗುವುದಿಲ್ಲ. ಫರಿಶ್ತಾ ಕಾಲದ ಜನ ಯಾವುದನ್ನು ದೊಡ್ಡ ಗುಣ ಅಂದುಕೊಂಡಿದ್ದರು ಅನ್ನುವುದು ಮಾತ್ರ ಚೆನ್ನಾಗಿ ಸಿಗುತ್ತದೆ. ನನ್ನ ಮಟ್ಟಿಗೆ ಯಾವುದೇ ಹುಟ್ಟಿನ ಕಥೆಯನ್ನು ಓದುವ ದಾರಿ ಇದೇ. ಕಥೆ ಯಾವ ಕಾಲದ ಬಗ್ಗೆ ಇದೆ ಅಂತ ಆಮೇಲೆ ನೋಡಿ. ಮೊದಲು ಅದನ್ನು ಯಾವ ಕಾಲದಲ್ಲಿ, ಯಾರು, ಯಾರಿಗೆ ಹೇಳಿದರು ಅಂತ ಕೇಳಿ.

ಬೀದರ್ ನಿಜಕ್ಕೂ ವಿದುರನ ಊರಾ?

ಅದಕ್ಕೆ ಪುರಾವೆ ಇಲ್ಲ. ಆದರೆ ಆಯ್ಕೆ ನೋಡಿ. ಮಹಾಭಾರತದಲ್ಲಿ ಇಷ್ಟೊಂದು ರಾಜರು, ವೀರರು ಇದ್ದಾರೆ. ಈ ಊರಿನವರು ಹಿಡಿದುಕೊಂಡದ್ದು ದಾಸಿಯ ಮಗನನ್ನು. ಪಟ್ಟ ಸಿಗದವನನ್ನು, ತುಂಬಿದ ಸಭೆಯಲ್ಲಿ ಇದು ತಪ್ಪು ಅಂತ ಹೇಳಿದವನನ್ನು. ನಳ ದಮಯಂತಿಯರ ಕಥೆಯನ್ನೂ ಈ ಊರಿಗೆ ಜೋಡಿಸುತ್ತಾರೆ. ನನಗೆ ವಿದುರನ ಕಥೆಯೇ ಇಷ್ಟ.

ನಾಯಿಗೆ ನರಿ ತಿರುಗಿಬಿದ್ದ ಕಥೆ ಬೀದರಿನದಾ, ಹಂಪಿಯದಾ?

ಎರಡೂ ಕಡೆಯದು. ಅಹಮದಾಬಾದಿನದೂ ಹೌದು. ಶ್ರೀಲಂಕಾದ ಕ್ಯಾಂಡಿಯಲ್ಲೂ ಇಂಥದೇ ಕಥೆ ಇದೆ.

ಬಹಮನಿ ಸುಲ್ತಾನ ಅಹ್ಮದ್ ಶಾ ಬೇಟೆಗೆ ಬಂದಾಗ ನರಿಯೊಂದು ನಾಯಿಗಳಿಗೆ ಎದುರು ನಿಂತಿತು. ಅದನ್ನು ನೋಡಿ ಇದು ಗಂಡುಮೆಟ್ಟಿನ ನೆಲ ಅಂತ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಹಂಪಿಯಲ್ಲಿ ನರಿಯ ಬದಲು ಮೊಲ. ಯಾರು ಯಾರಿಂದ ಕದ್ದರು ಅಂತ ಜಗಳ ಬೇಡ. ಆ ಕಾಲದಲ್ಲಿ ಹೊಸ ರಾಜಧಾನಿಗೆ ಇದು ಒಂಥರಾ ಮುದ್ರೆ ಇದ್ದ ಹಾಗೆ. ಸಣ್ಣ ಪ್ರಾಣಿ ದೊಡ್ಡದಕ್ಕೆ ಎದುರು ನಿಂತಿತು ಅಂದರೆ ನಾವು ಹೊಸಬರು, ಆದರೂ ಹೆದರುವವರಲ್ಲ ಅಂತ ಅಕ್ಕಪಕ್ಕದ ರಾಜರಿಗೆ ಹೇಳಿದ ಹಾಗೆ. ನಿಜವಾದ ಕಾರಣಗಳು ಬೇರೆ ಇರುತ್ತವೆ. ಬೀದರಿನ ಎತ್ತರದ ಜಾಗ, ತಂಪು ಹವೆ, ನೀರು, ಹಳೇ ರಾಜಧಾನಿಯ ಒಳಜಗಳ. ಅದನ್ನೆಲ್ಲ ಯಾರು ಹಾಡು ಕಟ್ಟುತ್ತಾರೆ?

ಬೀದರಿನ ಕಥೆಗಳಲ್ಲಿ ನೀರು ಯಾಕೆ ಇಷ್ಟು ಜಾಸ್ತಿ?

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ನರಸಿಂಹ ಝರಣಿಗೆ ಹೋಗಿ ಬನ್ನಿ ಅನ್ನುತ್ತೇನೆ. ಗುಡ್ಡದೊಳಗೆ ಸುಮಾರು 300 ಮೀಟರ್ ಉದ್ದದ ಸುರಂಗ. ಒಳಗೆ ಎದೆಮಟ್ಟ ನೀರು. ಅದರಲ್ಲೇ ನಡೆದು ಹೋಗಬೇಕು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿರುತ್ತಾರೆ. ಕುಳ್ಳಗಿದ್ದವರು ಹಿಮ್ಮಡಿ ಎತ್ತಿ ನಡೆಯುತ್ತಾರೆ. ಮೇಲೆ ಬಾವಲಿ, ಮುಂದೆ ಗೋವಿಂದ ಗೋವಿಂದ ಅಂತ ಕೂಗು. ಕೊನೆಗೆ ಗೋಡೆಯಲ್ಲಿ ನರಸಿಂಹ. ಹಾಲಿನಂಥ ಮಾತಾಡುವ ಅಜ್ಜಿಯರೂ ಅಲ್ಲಿ ಜಾಗಕ್ಕಾಗಿ ತಳ್ಳಾಡುತ್ತಾರೆ.

ಆ ನೀರಿನ ಕಥೆ ಹೀಗಿದೆ. ಹಿರಣ್ಯಕಶಿಪುವನ್ನು ಕೊಂದ ಮೇಲೆ ನರಸಿಂಹ ಇಲ್ಲಿ ಝರಾಸುರ ಎಂಬ ರಾಕ್ಷಸನನ್ನು ಕೊಂದ. ಇವನು ಶಿವಭಕ್ತ. ಸಾಯುವಾಗ, ನಾನಿದ್ದ ಗುಹೆಯಲ್ಲೇ ನೀನು ನೆಲೆಸು ಅಂತ ಬೇಡಿಕೊಂಡ. ಆಮೇಲೆ ನೀರಾಗಿ ದೇವರ ಪಾದದಡಿಯಿಂದ ಹರಿಯತೊಡಗಿದ. ಅಂದರೆ ಭಕ್ತರು ಎದೆಮಟ್ಟ ಮುಳುಗಿ ನಡೆಯುವುದು ರಾಕ್ಷಸನೊಳಗೆ! ಸೋತವನನ್ನು ಕಥೆ ಊರಾಚೆ ಎಸೆಯಲಿಲ್ಲ. ಎಲ್ಲಕ್ಕಿಂತ ಬೇಕಾದ ವಸ್ತುವನ್ನಾಗಿ ಮಾಡಿ ಇಟ್ಟುಕೊಂಡಿತು.

ಅದೇ ಊರಲ್ಲಿ ಗುರುನಾನಕ್ ಝರಾ ಇದೆ. 16ನೇ ಶತಮಾನದ ಮೊದಲ ಭಾಗದಲ್ಲಿ ನಾನಕರು ಬಂದಾಗ ಕುಡಿಯಲು ಸಿಹಿನೀರು ಇರಲಿಲ್ಲವಂತೆ. ಅವರು ಪಾದದಿಂದ ಕಲ್ಲು ಸರಿಸಿದರು, ನೀರು ಚಿಮ್ಮಿತು. ಇವತ್ತೂ ಹರಿಯುತ್ತದೆ, ಜನ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಅಹ್ಮದ್ ಶಾನಿಗೆ 'ವಲಿ' ಅಂತ ಹೆಸರು ಬಂದದ್ದೂ ಮಳೆಯಿಂದ. ಬರಗಾಲದಲ್ಲಿ ಸುಲ್ತಾನನೇ ಹೋಗಿ ದುವಾ ಮಾಡಿದ, ಮಳೆ ಬಂತು, ಜನ ಅವನನ್ನು ಸಂತ ಅಂದರು. ಬೀದರ್ ಪಕ್ಕದ ಅಷ್ಟೂರಿನ ಅವನ ಗೋರಿಯ ಉರುಸಿಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬರುತ್ತಾರೆ. ಅವನನ್ನು ಅಲ್ಲಮಪ್ರಭುವಿನ ಅವತಾರ ಅನ್ನುವವರೂ ಇದ್ದಾರೆ.

ವೈಷ್ಣವ, ಸಿಖ್, ಮುಸ್ಲಿಂ, ಮೂರೂ ಕಥೆಗಳಲ್ಲಿ ಪವಾಡ ಒಂದೇ: ನೀರು. ನೆಲ ನೋಡಿದರೆ ಅರ್ಥವಾಗುತ್ತದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ತೂತುತೂತಾದ ಕಲ್ಲು, ಮಳೆನೀರು ಇಳಿಯುತ್ತದೆ. ಕೆಳಗೆ ಗಟ್ಟಿ ಕರಿಕಲ್ಲು, ಅಲ್ಲಿ ನಿಲ್ಲುತ್ತದೆ. ಎರಡೂ ಸೇರುವ ಕಡೆ ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಸುತ್ತ ಬರ, ಇಲ್ಲಿ ಮಾತ್ರ ಬಂಡೆಯಿಂದ ನೀರು. ಬಹಮನಿಗಳ ಕಾಲದವರು ಈ ಲೆಕ್ಕ ತಿಳಿದೇ ನೌಬಾದ್ ಕಡೆ ನೆಲದಡಿ ಸುರಂಗ ಬಾವಿ ತೋಡಿದರು. ಪರ್ಷಿಯಾದಿಂದ ಬಂದ ವಿದ್ಯೆ ಅದು.

ಈಗ ಬ್ಯಾಬಿಲೋನಿನ ಕಥೆ ಪಕ್ಕದಲ್ಲಿಡಿ. ಅಲ್ಲಿ ಆದಿಯಲ್ಲಿದ್ದದ್ದು ಬರೀ ನೀರು. ಸಿಹಿನೀರು ಅಪ್ಸು, ಉಪ್ಪುನೀರು ತಿಯಾಮತ್. ಮರ್ದುಕ್ ದೇವರು ತಿಯಾಮತಳನ್ನು ಕೊಂದು, ಮೈ ಸೀಳಿ, ಅರ್ಧದಿಂದ ಆಕಾಶ ಮಾಡಿದ. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನೆರೆ ಯಾವಾಗ ಬರುತ್ತದೋ ಹೇಳಲಾಗದ ನಾಡು ಅದು. ಅವರಿಗೆ ನೀರು ಪಳಗಿಸಬೇಕಾದ ಶತ್ರು. ನಮಗೆ ನೀರು ರಾಕ್ಷಸ ಸತ್ತಾದರೂ ಕೊಡಬೇಕಾದ ವರ.

ರಾಜರು ತಮ್ಮ ವಂಶಕ್ಕೆ ಇಷ್ಟು ದೊಡ್ಡ ಕಥೆ ಯಾಕೆ ಕಟ್ಟಿಸುತ್ತಿದ್ದರು?

ಹಕ್ಕು ಗಟ್ಟಿ ಇಲ್ಲದಾಗ ಕಥೆ ದೊಡ್ಡದಾಗುತ್ತದೆ. ಕಲ್ಯಾಣ ಚಾಲುಕ್ಯರನ್ನು ನೋಡಿ. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಸೋಲಿಸಿ ಗದ್ದುಗೆ ಹಿಡಿದ. ಬಾದಾಮಿ ಚಾಲುಕ್ಯರು ಹೋಗಿ ಆಗಲೇ ಎರಡು ಶತಮಾನ. ನಡುವಿನ ಖಾಲಿ ಜಾಗ ತುಂಬಬೇಕಿತ್ತು. ಆಮೇಲಿನ ಶಾಸನಗಳಲ್ಲಿ ಈ ವಂಶದ 59 ರಾಜರು ಅಯೋಧ್ಯೆಯಲ್ಲಿ ಆಳಿದ್ದರು ಅಂತ ಬಂತು. ಬಾದಾಮಿಯವರು ಇಷ್ಟು ದೂರ ಹೋಗಿರಲಿಲ್ಲ.

ಆರನೇ ವಿಕ್ರಮಾದಿತ್ಯ (1076–1126) ಅಣ್ಣನನ್ನು ಇಳಿಸಿ ಪಟ್ಟಕ್ಕೆ ಬಂದವನು. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಕಾವ್ಯ ಬರೆದ. ಅದರಲ್ಲಿ ಬ್ರಹ್ಮ ಸಂಧ್ಯಾವಂದನೆಗೆ ಬೊಗಸೆಯಲ್ಲಿ ನೀರು ಹಿಡಿದಿದ್ದಾನೆ. ಇಂದ್ರ ಬಂದು ಭೂಮಿಯಲ್ಲಿ ಅಧರ್ಮ ಹೆಚ್ಚಾಗಿದೆ, ಒಬ್ಬ ವೀರ ಬೇಕು ಅನ್ನುತ್ತಾನೆ. ಬ್ರಹ್ಮ ಬೊಗಸೆ ನೋಡುತ್ತಾನೆ, ಅದರಿಂದ ಮೊದಲ ಚಾಲುಕ್ಯ ಎದ್ದುಬರುತ್ತಾನೆ. ಅಣ್ಣನ ಜಾಗ ಕಿತ್ತುಕೊಂಡದ್ದಕ್ಕೂ ಬಿಲ್ಹಣನ ಹತ್ತಿರ ಉತ್ತರ ಇದೆ: ಶಿವನೇ ಹೇಳಿದ್ದ. ಕವಿಗೆ ಸಂಬಳ ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಮರೆಯಬಾರದು.

ದೇವರು ಮನುಷ್ಯನನ್ನು ಯಾಕೆ ಮಾಡಿದ ಅಂತ ಬೇರೆ ನಾಡಿನವರು ಹೇಳುತ್ತಾರೆ?

ಬ್ಯಾಬಿಲೋನಿನವರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು: ದೇವರುಗಳಿಗೆ ದುಡಿದು ಸಾಕಾಗಿತ್ತು, ಆಳು ಬೇಕಿತ್ತು. ದಂಗೆ ಎದ್ದು ಸೋತ ದೇವರೊಬ್ಬನ ರಕ್ತದಿಂದ ಮನುಷ್ಯನನ್ನು ಮಾಡಿದರು. ಕಾಲುವೆ ತೋಡಲು, ದೇವಾಲಯದ ಹೊಲಕ್ಕೆ ಸಾವಿರಾರು ಜನ ಬೇಕಾಗಿದ್ದ ಸಮಾಜ ಅದು. ದುಡಿಯಲೆಂದೇ ಹುಟ್ಟಿದ್ದೀರಿ ಅನ್ನುವ ಕಥೆ ಯಾರಿಗೆ ಅನುಕೂಲ ಅಂತ ಬೇರೆ ಹೇಳಬೇಕೇ?

ಮಧ್ಯ ಅಮೆರಿಕದ ಮಾಯಾ ಜನರ ಕಥೆ ನನಗೆ ಅದಕ್ಕಿಂತ ಹತ್ತಿರ. ದೇವರುಗಳು ಮೊದಲು ಮಣ್ಣಿನಿಂದ ಮಾಡಿದರು, ಕರಗಿಹೋಯಿತು. ಕಟ್ಟಿಗೆಯಿಂದ ಮಾಡಿದರು, ಮನಸ್ಸೇ ಇರಲಿಲ್ಲ. ಆ ಕಟ್ಟಿಗೆ ಜನರ ಮೇಲೆ ಅವರ ಮನೆಯ ಪಾತ್ರೆ, ಬೀಸುವಕಲ್ಲು, ನಾಯಿಗಳೇ ತಿರುಗಿಬಿದ್ದವು: ನಮ್ಮನ್ನು ಇಷ್ಟು ದಿನ ಸುಟ್ಟಿರಿ, ಅರೆದಿರಿ, ಈಗ ನಮ್ಮ ಸರದಿ ಅಂತ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಮನುಷ್ಯ ಸರಿಹೋದ. ನಮ್ಮ ಯಾದಗಿರಿ ಕಡೆಯವರು ಬರೆದಿದ್ದರೆ ಬಿಳಿಜೋಳದ ಹಿಟ್ಟೇ ಆಗುತ್ತಿತ್ತು, ಅನುಮಾನ ಬೇಡ.

ಜಾತಿಗಳ ಹುಟ್ಟಿನ ಕಥೆಗಳನ್ನು ಹೇಗೆ ಓದಬೇಕು?

ಎಚ್ಚರದಿಂದ. ಋಗ್ವೇದದ ಪುರುಷಸೂಕ್ತದಲ್ಲಿ ಒಬ್ಬ ಮಹಾಪುರುಷನ ಬಾಯಿ, ತೋಳು, ತೊಡೆ, ಪಾದಗಳಿಂದ ನಾಲ್ಕು ವರ್ಣಗಳು ಬಂದವು ಅಂತಿದೆ. ಮೇಲೆ ಕೆಳಗೆ ಅನ್ನುವುದನ್ನು ಮೈಯಲ್ಲೇ ಕೊರೆದಿಟ್ಟ ಕಥೆ ಅದು. ಇದಕ್ಕೆ ಉತ್ತರವಾಗಿ ಬಂದ ಕಥೆಗಳು ನನಗೆ ಹೆಚ್ಚು ರುಚಿ. ಅವುಗಳಲ್ಲಿ ಒಳ್ಳೆಯವು ನಮ್ಮ ಸುತ್ತಲೇ ಇವೆ.

12ನೇ ಶತಮಾನದ ಕಲ್ಯಾಣ, ಇವತ್ತಿನ ಬಸವಕಲ್ಯಾಣ. ಬಸವಣ್ಣನವರ ಒಂದು ವಚನ ಈ ವಿಷಯಕ್ಕೇ ಇದೆ. ಕಬ್ಬಿಣ ಕಾಸಿದವನು ಕಮ್ಮಾರನಾದ, ಬಟ್ಟೆ ಒಗೆದವನು ಮಡಿವಾಳನಾದ, ಹಾಸು ಹಾಕಿ ನೇಯ್ದವನು ನೇಕಾರನಾದ, ವೇದ ಓದಿದವನು ಹಾರುವನಾದ. ಅಷ್ಟು ಹೇಳಿ ಒಂದು ಪ್ರಶ್ನೆ ಎಸೆಯುತ್ತಾರೆ: ಈ ಜಗತ್ತಿನಲ್ಲಿ ಕಿವಿಯಿಂದ ಹುಟ್ಟಿದವರು ಯಾರಾದರೂ ಉಂಟೇ? ಹುಟ್ಟಿನ ಕಥೆಯನ್ನು ಕೆಲಸದ ಕಥೆಯನ್ನಾಗಿ ಮಾಡಿಬಿಟ್ಟರು. ಮಾಡುವ ಕೆಲಸದಿಂದ ಬಂದ ಹೆಸರು, ಅಷ್ಟೇ.

ಬುದ್ಧ ಇದಕ್ಕಿಂತ ಸುಮಾರು ಸಾವಿರದ ಆರುನೂರು ವರ್ಷಗಳಷ್ಟು ಹಿಂದೆ ಇಂಥದೇ ಮಾತು ಆಡಿದ್ದ. ಬ್ರಹ್ಮನ ಬಾಯಿಂದ ಹುಟ್ಟಿದೆವು ಅನ್ನುವವರ ಹೆಂಗಸರೂ ಬಸುರಿಯಾಗಿ ಹೆರುವುದು ಎಲ್ಲರಿಗೂ ಕಾಣುತ್ತದಲ್ಲ, ಅಂತ. ಆಮೇಲೆ ತನ್ನದೇ ಕಥೆ ಹೇಳುತ್ತಾನೆ. ಮೊದಲು ಅಕ್ಕಿ ಹೊಟ್ಟಿಲ್ಲದೆ ಬೆಳೆಯುತ್ತಿತ್ತು. ಸಂಜೆ ಕೊಯ್ದರೆ ಬೆಳಿಗ್ಗೆ ಮತ್ತೆ ಬಂದಿರುತ್ತಿತ್ತು. ಒಬ್ಬ ಸೋಮಾರಿ ಎರಡು ಹೊತ್ತಿನದನ್ನು ಒಮ್ಮೆಗೇ ತಂದಿಟ್ಟುಕೊಂಡ. ಇನ್ನೊಬ್ಬ ಎರಡು ದಿನದ್ದು, ಮತ್ತೊಬ್ಬ ನಾಲ್ಕು ದಿನದ್ದು. ಆಗ ಅಕ್ಕಿಗೆ ಹೊಟ್ಟು ಬಂತು, ಕೊಯ್ದದ್ದು ಮತ್ತೆ ಬೆಳೆಯಲಿಲ್ಲ. ಹೊಲಕ್ಕೆ ಬದು ಬಂತು, ಕಳ್ಳತನ ಬಂತು. ಆಗ ಜನ ಸೇರಿ ಒಬ್ಬನನ್ನು ಆರಿಸಿ, ನೀನು ನ್ಯಾಯ ನೋಡು, ನಮ್ಮ ಅಕ್ಕಿಯಲ್ಲಿ ಪಾಲು ಕೊಡುತ್ತೇವೆ ಅಂದರು. ಅವನೇ ಮೊದಲ ರಾಜ. ಬ್ರಹ್ಮನ ಬೊಗಸೆಯೂ ಇಲ್ಲ, ಅಯೋಧ್ಯೆಯೂ ಇಲ್ಲ. ರಾಜ ಅಂದರೆ ಕೂಲಿ ಪಡೆದು ಕಾವಲಿಗಿರುವವನು.

ಇನ್ನು ಹಾಲುಮತದವರ, ಅಂದರೆ ಕುರುಬರ ಕಥೆ. ಅಣ್ಣಂದಿರ ಕಣ್ಣಿಗೆ ಬೇಡವಾದ ಕಿರಿಯ ತಮ್ಮ ಪದ್ಮಣ್ಣ ಹೊಲ ಉಳುತ್ತಿದ್ದಾನೆ. ನೇಗಿಲು ಹುತ್ತಕ್ಕೆ ತಾಗುತ್ತದೆ. ಒಳಗಿಂದ ಕುರಿಗಳು ದಬದಬ ಹೊರಬರುತ್ತವೆ. ಅವನು ಹೆದರುತ್ತಾನೆ. ಶಿವ ಬಂದು ಇವನ್ನು ಕಾಯುವುದೇ ನಿನ್ನ ಬಾಳು ಅನ್ನುತ್ತಾನೆ. ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಹುತ್ತ, ಕುರಿ, ಕಿರಿಯ ತಮ್ಮ ಬದಲಾಗುವುದಿಲ್ಲ. ಕುರಿ ಕಾಯುವವರನ್ನು ಒಕ್ಕಲುತನದವರು ಕೀಳಾಗಿ ನೋಡಿದರೆ ಈ ಕಥೆ ಉತ್ತರ ಕೊಡುತ್ತದೆ: ನಾವೂ ಒಕ್ಕಲಿಗರೇ ಆಗಿದ್ದೆವು, ಶಿವನೇ ನಮಗೆ ಬೇರೆ ಕೆಲಸ ಕೊಟ್ಟ.

ಮಾದಿಗ ಸಮುದಾಯದ ಆದಿಜಾಂಬವನ ಕಥೆ ಎಲ್ಲಕ್ಕಿಂತ ಧೈರ್ಯದ್ದು. ಜಾಂಬವ ಹುಟ್ಟಿದ್ದು ಭೂಮಿ ಹುಟ್ಟುವುದಕ್ಕಿಂತ ಆರು ತಿಂಗಳು ಮೊದಲು. ಊರ ಹೊರಗೆ ಇಟ್ಟವರಿಗೆ ಇದಕ್ಕಿಂತ ಚೆಂದದ ಉತ್ತರ ಇದೆಯೇ? ನಿಮ್ಮ ಊರಲ್ಲ, ಭೂಮಿಯೇ ನಮಗಿಂತ ಚಿಕ್ಕದು ಅಂದಹಾಗೆ.

ಜಗತ್ತನ್ನು ಯಾರೂ ಮಾಡಿಲ್ಲ ಅನ್ನುವ ಕಥೆಯೂ ಇದೆಯಾ?

ಇದೆ, ಅದಕ್ಕೂ ನಮ್ಮ ಮಳಖೇಡಕ್ಕೂ ನಂಟಿದೆ. ಸೇಡಂ ತಾಲೂಕಿನ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇವತ್ತು ಆ ಕಡೆ ಹೋದರೆ ಸಿಮೆಂಟ್ ಲಾರಿಗಳೇ ಕಾಣುತ್ತವೆ. 9ನೇ ಶತಮಾನದಲ್ಲಿ ಅಮೋಘವರ್ಷ ಗುರು ಅಂತ ಗೌರವಿಸಿದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಒಂದೊಂದಾಗಿ ಬಿಚ್ಚುತ್ತಾರೆ. ದೇವರು ಜಗತ್ತನ್ನು ಮಾಡಿದ್ದಾದರೆ, ಮಾಡುವ ಮುಂಚೆ ಎಲ್ಲಿದ್ದ? ಸಾಮಾನು ಎಲ್ಲಿಂದ ತಂದ? ಯಾವ ಕೊರತೆಯೂ ಇಲ್ಲದವನಿಗೆ ಮಾಡಬೇಕು ಅಂತ ಯಾಕೆ ಅನ್ನಿಸಿತು? ಜಗತ್ತಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ ಅನ್ನುವುದು ಜೈನರ ನಿಲುವು.

ಹಾಗಂತ ಜೈನರಲ್ಲಿ ಶುರುವಿನ ಕಥೆ ಇಲ್ಲ ಅಂತಲ್ಲ. ಅದು ಜಗತ್ತಿನ ಶುರು ಅಲ್ಲ, ದುಡಿಮೆಯ ಶುರು. ಕೇಳಿದ್ದು ಕೊಡುತ್ತಿದ್ದ ಕಲ್ಪವೃಕ್ಷಗಳು ಬರಬರುತ್ತಾ ಇಲ್ಲವಾದವು. ಜನ ಕಂಗಾಲಾದರು. ಆಗ ಮೊದಲ ತೀರ್ಥಂಕರ ವೃಷಭನಾಥ ಕತ್ತಿ ಹಿಡಿಯುವುದು, ಬರೆಯುವುದು, ಬೇಸಾಯ, ವಿದ್ಯೆ, ವ್ಯಾಪಾರ, ಕುಶಲಕರ್ಮ ಅಂತ ಆರು ಬದುಕು ಕಲಿಸಿದ. ಮಗಳು ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕಿ. ಲಿಪಿ ಮೊದಲು ಹೆಣ್ಣುಮಗಳಿಗೆ ಬಂತು ಅನ್ನುವ ಕಥೆ ಹೇಳುವವರು ಓದುಬರಹಕ್ಕೆ ಎಷ್ಟು ಬೆಲೆ ಕೊಟ್ಟಿರಬೇಕು! 941ರಲ್ಲಿ ಪಂಪ ಇದೇ ಕಥೆಯನ್ನು ಕನ್ನಡಕ್ಕೆ ತಂದ.

ಈ ಕಥೆಗಳಲ್ಲಿ ಹೆಂಗಸರ ಪಾಲೇನು?

ಬಹಳ ಕಡೆ ತಪ್ಪು ಹೊರಿಸಲಿಕ್ಕೆ ಮಾತ್ರ. ಗ್ರೀಕರ ಪಂಡೋರಾ ಮುಚ್ಚಳ ತೆಗೆದಳು, ರೋಗರುಜಿನ ಹೊರಬಂದವು. ಕಲಬುರಗಿ ಜಿಲ್ಲೆಯ ಸನ್ನತಿಯ ದೇವಿ ಚಂದ್ರಲಾಂಬೆಯ ಕಥೆ ಬೇರೆ ಥರ. ಋಷಿಯ ಹೆಂಡತಿಯನ್ನು ರಾಜ ಹೊತ್ತೊಯ್ಯುತ್ತಾನೆ, ದೇವಿ ದುಂಬಿಗಳ ದಂಡು ಬಿಟ್ಟು ಅವನನ್ನು ಮುಗಿಸುತ್ತಾಳೆ. ಅಲ್ಲಿ ತಪ್ಪು ರಾಜನದು, ಶಿಕ್ಷೆಯೂ ಅವನಿಗೇ.

ಸನ್ನತಿಯಲ್ಲಿ ದೇವಿ ಕಥೆ ಮೊದಲಾ, ಅಶೋಕ ಮೊದಲಾ?

ಕಲ್ಲು ನೋಡಿದರೆ ಅಶೋಕ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಸೂರು ಕುಸಿಯಿತು. ಮೂರ್ತಿಯ ಪೀಠವಾಗಿ ಹಾಕಿದ್ದ ಚಪ್ಪಡಿ ಅಶೋಕನ ಶಾಸನ ಅಂತ ಆಗ ಗೊತ್ತಾಯಿತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರು, ಅಕ್ಷರಗಳು ಹೋಗಿದ್ದವು. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ 'ರಾಯಾ ಅಸೋಕೋ' ಅಂತ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿತು. ಒಂದು ಕಾಲದವರ ಶಾಸನ ಇನ್ನೊಂದು ಕಾಲದವರಿಗೆ ಒಳ್ಳೆಯ ಚಪ್ಪಡಿ. ಕೊರೆದವರಿಗೆ ಬ್ರಾಹ್ಮಿ ಓದಲು ಬರುತ್ತಿರಲಿಲ್ಲ, ಬೈದು ಪ್ರಯೋಜನವಿಲ್ಲ.

ನಮ್ಮ ದೇವರನ್ನು ಕಥೆ ಅಂತ ಕರೆದು ಅವಮಾನ ಮಾಡುತ್ತೀರಾ?

ಇಲ್ಲ. ಯಾದಗಿರಿಯ ಮೈಲಾಪುರಕ್ಕೆ ಸಂಕ್ರಾಂತಿಗೆ ಹೋಗಿ ನೋಡಿ. ಭಂಡಾರದಲ್ಲಿ ಮಿಂದೆದ್ದ ಜನ ಮಲ್ಲಯ್ಯನ ಪಲ್ಲಕ್ಕಿಯ ಹಿಂದೆ ಓಡುತ್ತಾರೆ. ಪಲ್ಲಕ್ಕಿಗೆ ಕುರಿಮರಿ ಎಸೆಯಬೇಡಿ ಅಂತ ಆಡಳಿತದವರು ತಡೆದು ನಿಲ್ಲಿಸಬೇಕಾಗುತ್ತದೆ. ಇಷ್ಟು ಬಿಸಿಯಿರುವುದನ್ನು ಬರೀ ಕಥೆ ಅನ್ನಲಾಗುವುದಿಲ್ಲ. ಮೈಲಾರ, ಖಂಡೋಬಾ ಕಥೆಗಳಲ್ಲಿ ದೇವರು ಕುರಿ ಕಾಯುವವರ ಮನೆ ಹೆಣ್ಣನ್ನೂ ಮದುವೆಯಾಗುತ್ತಾನೆ. ಹೀಗೆ ಬೇರೆ ಬೇರೆ ಜಾತಿಯವರು ಒಂದೇ ಜಾತ್ರೆಯಲ್ಲಿ ಬೀಗರಾಗುತ್ತಾರೆ. ಇದನ್ನು ಗಮನಿಸುವುದರಲ್ಲಿ ಅವಮಾನ ಎಲ್ಲಿದೆ?

ಕಥೆ ನೋಡಿ ಆ ಕಾಲದ ಜನರ ಮೌಲ್ಯ ಪೂರ್ತಿ ತಿಳಿಯಬಹುದಾ?

ಪೂರ್ತಿ ಆಗುವುದಿಲ್ಲ. ಉಳಿದ ಕಥೆಗಳಲ್ಲಿ ಹೆಚ್ಚಿನವು ಬರೆಯಲು ಬಂದವರದು, ಬರೆಸಲು ದುಡ್ಡಿದ್ದವರದು. ಬಿಲ್ಹಣನ ಕಾಲದಲ್ಲಿ ಕಲ್ಯಾಣದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು ಜಗತ್ತಿನ ಹುಟ್ಟಿನ ಬಗ್ಗೆ ಏನು ಹೇಳುತ್ತಿದ್ದಳೋ, ಅದು ನಮಗೆ ಸಿಕ್ಕಿಲ್ಲ. ಇನ್ನೊಂದು ವಿಷಯ: ಕಥೆಯಲ್ಲಿ ಹೊಗಳಿದ ಗುಣ ಜನರಲ್ಲಿ ಇತ್ತು ಅಂತಲ್ಲ. ಇರಬೇಕಿತ್ತು ಅಂತ ಅವರು ಬಯಸಿದ್ದರು. ಎಲ್ಲರೂ ಸಿಕ್ಕ ಬಂಗಾರ ಒಡೆಯನಿಗೆ ಕೊಡುತ್ತಿದ್ದರೆ ಹಸನ್‌ನ ಕಥೆಗೆ ಬೆಲೆಯೇ ಇರುತ್ತಿರಲಿಲ್ಲ.

ಮಗಳ ಕಾಲೇಜು ಪ್ರಾಜೆಕ್ಟಿಗೆ ಇಂಥ ಕಥೆ ಬೇಕು. ಎಲ್ಲಿಂದ ಶುರು ಮಾಡಲಿ?

ಮನೆಯ ಮುತ್ಯಾನಿಂದ. ನಮ್ಮ ಊರು ಹೇಗೆ ಹುಟ್ಟಿತು ಅಂತ ನೇರ ಕೇಳಿದರೆ ಗೊತ್ತಿಲ್ಲ ಅಂದುಬಿಡುತ್ತಾರೆ. ಊರ ಬಾವಿ ಯಾರು ತೋಡಿಸಿದರು, ಹನುಮಪ್ಪನ ಗುಡಿ ಮೂಲೆಯಲ್ಲಿ ಯಾಕಿದೆ, ಮೊಹರಮಿಗೆ ಅಲಾಯಿ ಕುಣಿ ಮೊದಲು ಯಾರು ತೋಡುತ್ತಾರೆ, ಹೀಗೆ ಕೇಳಿ. ಕಥೆ ತಾನೇ ಬರುತ್ತದೆ. ಅದೇ ಕಥೆಯನ್ನು ಇನ್ನೊಂದು ಓಣಿಯಲ್ಲಿ, ಇನ್ನೊಂದು ಜಾತಿಯವರ ಮನೆಯಲ್ಲಿ ಮತ್ತೆ ಕೇಳಿ. ಎರಡೂ ಹೊಂದದಿದ್ದರೆ ತಿದ್ದಬೇಡಿ, ಎರಡನ್ನೂ ಬರೆದುಕೊಳ್ಳಿ. ಹೇಳಿದವರ ವಯಸ್ಸು, ಕಸುಬು ಕೂಡ ಬರೆಯಿರಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಒಂದು ಮಾತು ಕೇಳಿ. ಮತ್ತು ಸುಗ್ಗಿ ಹೊತ್ತಲ್ಲಿ ಹೋಗಬೇಡಿ. ತೊಗರಿ ರಾಶಿ ನಡೆಯುವಾಗ ಜಗತ್ತು ಹೇಗೆ ಹುಟ್ಟಿತು ಅಂತ ಕೇಳಿದರೆ ಕೈಗೆ ಮೊರ ಕೊಟ್ಟು ತೂರು ಅನ್ನುತ್ತಾರೆ.